‘ಸೆಕೆಂಡ್ ಹಾಫ್ ಲ್ಯಾಗು’ ಅನ್ನುವ ಮುನ್ನ

ಸಿನಿಮಾ ನೋಡಿ ಹೊರಗೆ ಬಂದವರನ್ನು ‘ಹೇಗಿತ್ತು?’ ಅಂತ ಕೇಳಿ ನೋಡಿ. ನಮ್ಮಲ್ಲಿ ಸಿಗುವ ಉತ್ತರಗಳು ಹೆಚ್ಚುಕಮ್ಮಿ ಇಷ್ಟೇ: ‘ಒಂದ್ಸಲ ನೋಡಬಹುದು’, ‘ಸೆಕೆಂಡ್ ಹಾಫ್ ಲ್ಯಾಗು’, ‘ಬಿಜಿಎಂ (ಹಿನ್ನೆಲೆ ಸಂಗೀತ) ಬೆಂಕಿ’, ‘ಡೈಲಾಗೇ ಕೇಳಿಸಲಿಲ್ಲ’, ‘ಬರೀ ಕತ್ತಲೆ’. ಇಂಥ ಮಾತುಗಳನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ದುಡ್ಡು ಕೊಟ್ಟು ಎರಡೂವರೆ ಗಂಟೆ ಕೂತ ಮನುಷ್ಯನಿಗೆ ನಿಜವಾಗಿ ಆದ ಅನುಭವ ಅದು. ತೊಂದರೆ ಇರುವುದು ದೂರಿನ ವಿಳಾಸದಲ್ಲಿ. ಪ್ರೊಜೆಕ್ಟರಿನ ದೀಪ ಮಂಕಾಗಿರುತ್ತದೆ, ಬೈಸಿಕೊಳ್ಳುವವರು ಛಾಯಾಗ್ರಾಹಕರು. ಚಿತ್ರಮಂದಿರದವರು ಸದ್ದು ಇಳಿಸಿರುತ್ತಾರೆ, ಕಲಾವಿದರ ಉಚ್ಚಾರಣೆ ಸರಿಯಿಲ್ಲ ಅಂತ ನಾವು ಬರೆದುಬಿಡುತ್ತೇವೆ. ಅದಕ್ಕೇ ಇವತ್ತು ಈ ಸಭೆಯಲ್ಲಿ, ಈಚಿನ ವರ್ಷಗಳಲ್ಲಿ ನಾವೆಲ್ಲ ನೋಡಿದ ಕೆಲವು ಕನ್ನಡ ಚಿತ್ರಗಳನ್ನು ಇಟ್ಟುಕೊಂಡು ಈ ದೂರುಗಳನ್ನು ಒಂದೊಂದಾಗಿ ಬಿಚ್ಚೋಣ. ತಪ್ಪು ಮಂದಿರದ್ದೋ, ಧ್ವನಿ ಮಿಶ್ರಣದ್ದೋ, ಸಂಕಲನದ್ದೋ, ಬರವಣಿಗೆಯದ್ದೋ ಅಂತ ಪತ್ತೆ ಹಚ್ಚುವುದು ಹೇಗೆ, ಅಷ್ಟೇ ನನ್ನ ವಿಷಯ.

ಕತ್ತಲೆಯಿಂದ ಶುರು ಮಾಡೋಣ. ‘ಕಾಂತಾರ’ 2022ರ ಸೆಪ್ಟೆಂಬರ್ 30ಕ್ಕೆ ಬಿಡುಗಡೆಯಾಯಿತು. ರಾತ್ರಿಯ ಕಾಡು, ದೊಂದಿ, ಕೋಲದ ಬೆಂಕಿಯ ಬೆಳಕು ಅದರಲ್ಲಿ ಧಾರಾಳವಾಗಿದೆ. ಅಂಥ ಚಿತ್ರವನ್ನು ಒಂದೇ ಊರಿನ ಎರಡು ಚಿತ್ರಮಂದಿರಗಳಲ್ಲಿ ನೋಡಿದವರು ಎರಡು ಬೇರೆ ಸಿನಿಮಾ ನೋಡಿದವರಂತೆ ಮಾತಾಡಬಹುದು. ಪರದೆಯ ಮೇಲೆ ಬಿಳುಪು ಎಷ್ಟು ಬೆಳಗಬೇಕು ಅನ್ನುವುದಕ್ಕೆ ಒಪ್ಪಿದ ಅಳತೆ ಇದೆ: 14 ಫುಟ್-ಲ್ಯಾಂಬರ್ಟ್, ಅಂದರೆ ಸುಮಾರು 48 ನಿಟ್ಸ್. ಛಾಯಾಗ್ರಾಹಕರು ಕಲರಿಸ್ಟ್ ಪಕ್ಕ ಕೂತು ಬಣ್ಣ ತಿದ್ದಿಸುವುದು ಈ ಬೆಳಕನ್ನು ನಂಬಿ. ಆದರೆ ಪ್ರೊಜೆಕ್ಟರಿನೊಳಗಿನ ಝೆನಾನ್ ದೀಪಕ್ಕೆ ವಯಸ್ಸಾದ ಹಾಗೆ ಬೆಳಕು ಇಳಿಯುತ್ತಾ ಬರುತ್ತದೆ. ದೀಪ ದುಬಾರಿ, ಹಾಗಾಗಿ ಎಷ್ಟು ದಿನ ಓಡಿಸಬಹುದೋ ಅಷ್ಟೂ ದಿನ ಓಡಿಸುವವರಿದ್ದಾರೆ. ಹಗಲಿನ ದೃಶ್ಯದಲ್ಲಿ ಇದು ಗೊತ್ತಾಗುವುದಿಲ್ಲ, ಕಣ್ಣು ಹೊಂದಿಕೊಳ್ಳುತ್ತದೆ. ರಾತ್ರಿಯ ದೃಶ್ಯದಲ್ಲಿ ಮಾತ್ರ ನೆರಳಿನೊಳಗಿನ ವಿವರ ಮೊದಲು ಮಾಯವಾಗುತ್ತದೆ. ಮರದ ಹಿಂದೆ ನಿಂತ ಮನುಷ್ಯ ಹೋಗಿ ಬರೀ ಮಸಿ ಉಳಿಯುತ್ತದೆ. ಇನ್ನೂ ಎರಡು ಕಾರಣಗಳಿವೆ. ಪ್ರೊಜೆಕ್ಷನ್ ಕೋಣೆಯ ಕಿಟಕಿ ಗಾಜು ಒರೆಸದೆ ಬಿಟ್ಟಿರುವುದು ಒಂದು. ಎರಡನೆಯದು, ತ್ರೀಡಿ ಚಿತ್ರಕ್ಕೆಂದು ಪ್ರೊಜೆಕ್ಟರಿನ ಮುಂದೆ ಹಾಕಿದ ಪೋಲರೈಸರ್ ಅನ್ನುವ ಫಿಲ್ಟರ್ ತೆಗೆಯದೆ ಮಾಮೂಲಿ ಚಿತ್ರ ಓಡಿಸುವುದು. ಆ ತಪ್ಪಿಗೆ ಅರ್ಧಕ್ಕಿಂತ ಹೆಚ್ಚು ಬೆಳಕು ಅಲ್ಲೇ ಹೋಗುತ್ತದೆ.

ಪತ್ತೆ ಹಚ್ಚುವುದು ಸುಲಭ. ಟೈಟಲ್ ಕಾರ್ಡಿನ ಬಿಳಿ ಅಕ್ಷರ ನೋಡಿ. ಅದು ಬೂದು ಅಥವಾ ಹಳದಿ ಛಾಯೆಗೆ ತಿರುಗಿದ್ದರೆ ತಪ್ಪು ಮಂದಿರದ್ದು. ಪರದೆಯ ನಡುಭಾಗ ಹೊಳೆಯುತ್ತಾ ಅಂಚುಗಳು ಮಂಕಾಗಿದ್ದರೆ ಅದು ತ್ರೀಡಿಗೆಂದು ಹಾಕಿಸಿದ ಬೆಳ್ಳಿ ಪರದೆ ಇರಬಹುದು, ನಡುವಿನ ಕುರ್ಚಿಗಳಲ್ಲಿ ಕೂತರೆ ಸ್ವಲ್ಪ ವಾಸಿ. ಬಿಳಿ ಅಕ್ಷರ ಚೆನ್ನಾಗಿ ಹೊಳೆದು, ಒಂದೇ ಒಂದು ದೃಶ್ಯದಲ್ಲಿ ಮುಖ ಕಾಣಲಿಲ್ಲ ಅಂದರೆ ಅದು ನಿರ್ದೇಶಕರ ಆಯ್ಕೆ. ಅಲ್ಲಿ ನಿಮಗೆ ಸಿಟ್ಟು ಬಂದರೆ ಧಾರಾಳವಾಗಿ ಅವರ ಮೇಲೇ ಮಾಡಿಕೊಳ್ಳಿ, ಅದು ನ್ಯಾಯ.

ಇನ್ನು ‘ಡೈಲಾಗ್ ಕೇಳಿಸಲಿಲ್ಲ’. ಇದರ ಬಗ್ಗೆ ಸ್ವಲ್ಪ ಹೊತ್ತು ಮಾತಾಡಬೇಕು, ಏಕೆಂದರೆ ಕನ್ನಡ ಚಿತ್ರಗಳಿಗೆ ಅತಿ ಹೆಚ್ಚು ಅನ್ಯಾಯ ಆಗುವುದು ಇಲ್ಲಿ.

5.1 ಧ್ವನಿಯಲ್ಲಿ ಪರದೆಯ ಹಿಂದೆ ಎಡ, ನಡು, ಬಲ ಅಂತ ಮೂರು ದಾರಿ, ಪಕ್ಕ ಮತ್ತು ಹಿಂದಿನ ಗೋಡೆಗೆ ಎರಡು, ಗುಡುಗಿನಂಥ ತಗ್ಗಿನ ಸದ್ದಿಗೆ ಒಂದು. ಮಾತು ಬಹುತೇಕ ನಡುವಿನ ಸ್ಪೀಕರಿನಿಂದಲೇ ಬರುತ್ತದೆ. ಆ ಒಂದು ಸ್ಪೀಕರಿನಲ್ಲಿ ತೀಕ್ಷ್ಣ ಸದ್ದು ಹೊರಡಿಸುವ ಭಾಗ (ಡ್ರೈವರ್) ಕೆಟ್ಟರೆ ಸಂಗೀತ ಭರ್ಜರಿಯಾಗಿ ಕೇಳುತ್ತದೆ, ಮಾತು ಮಾತ್ರ ಕಂಬಳಿ ಹೊದ್ದುಕೊಂಡಂತೆ ಕೇಳುತ್ತದೆ. ಸ, ಶ, ತ ಇಂಥ ವ್ಯಂಜನಗಳು ಸವೆದುಹೋಗುತ್ತವೆ. ಅದನ್ನು ನಾವು ‘ಹೀರೋ ಗೊಣಗುತ್ತಾನೆ’ ಅನ್ನುತ್ತೇವೆ.

ಎರಡನೆಯದು ಸದ್ದಿನ ಮಟ್ಟ. ಧ್ವನಿ ಮಿಶ್ರಣ ಮಾಡುವ ಕೋಣೆಯಲ್ಲಿ ಡಾಲ್ಬಿ ಯಂತ್ರದ ಸದ್ದಿನ ಗುಂಡಿ, ಅಂದರೆ ಫೇಡರ್, 7ಕ್ಕೆ ನಿಂತಿರುತ್ತದೆ. ಚಿತ್ರ ತಯಾರಾಗುವುದು ಆ ಮಟ್ಟಕ್ಕೆ. ಮಂದಿರದಲ್ಲಿ ಜಾಹೀರಾತು, ಟ್ರೈಲರ್ ಕಿವಿಗೆ ಹೊಡೆಯುತ್ತವೆ ಅಂತ ಜನ ದೂರುತ್ತಾರೆ, ಆಪರೇಟರ್ 5.5ಕ್ಕೆ ಇಳಿಸುತ್ತಾನೆ, ಸಿನಿಮಾ ಶುರುವಾದರೂ ಅಲ್ಲೇ ಬಿಡುತ್ತಾನೆ. ಆ ಗುಂಡಿಯಲ್ಲಿ 4ರಿಂದ ಮೇಲೆ ಒಂದೊಂದು ಅಂಕಿಗೂ ಸುಮಾರು ಮೂರೂಕಾಲು ಡೆಸಿಬೆಲ್ ವ್ಯತ್ಯಾಸ. ಅಂದರೆ ಇಡೀ ಚಿತ್ರ 5 ಡೆಸಿಬೆಲ್ ಕೆಳಗೆ ಓಡುತ್ತಿದೆ. ಹೊಡೆದಾಟಕ್ಕೆ ಅದರಿಂದ ಏನೂ ನಷ್ಟವಿಲ್ಲ. ನಷ್ಟವಾಗುವುದು ಪಿಸುಮಾತಿಗೆ. ‘ಗರುಡ ಗಮನ ವೃಷಭ ವಾಹನ’ದ ಶಿವ ಹೆಚ್ಚು ಮಾತಾಡುವವನೇ ಅಲ್ಲ, ಆಡಿದರೂ ಬಾಯೊಳಗೆ ಆಡುತ್ತಾನೆ. ಏಸಿ, ಫ್ಯಾನು, ಪಾಪ್‌ಕಾರ್ನ್ ಪೊಟ್ಟಣದ ಸದ್ದಿನ ಕೆಳಗೆ ಅವನ ಅರ್ಧ ಪಾತ್ರವೇ ಮುಳುಗಿಹೋಗುತ್ತದೆ. 2021ರ ನವೆಂಬರಿನಲ್ಲಿ ಆ ಚಿತ್ರ ನೋಡಿ ‘ಶಿವನ ಪಾತ್ರ ಅರ್ಥವೇ ಆಗಲಿಲ್ಲ’ ಅಂದವರು ಒಮ್ಮೆ ಹೆಡ್‌ಫೋನ್ ಹಾಕಿ ನೋಡಲಿ, ಮಾತು ಬದಲಾಗಬಹುದು.

ಹಾಗಾಗಿ ಸದ್ದು ಕಡಿಮೆ ಅನ್ನಿಸಿದರೆ ಮೊದಲ ಹತ್ತು ನಿಮಿಷದಲ್ಲೇ ಎದ್ದು ಹೋಗಿ ಹೇಳಿ. ‘ಸೌಂಡ್ ಸರಿಯಿಲ್ಲ’ ಅಂದರೆ ಅವರಿಗೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ‘ಮಾತು ಕಡಿಮೆ ಇದೆ, ಫೇಡರ್ ಎಷ್ಟರಲ್ಲಿದೆ ನೋಡಿ’ ಅನ್ನಿ. ಮಾತು ಮಾತ್ರ ಮುಸುಕಾಗಿದ್ದರೆ ‘ಸೆಂಟರ್ ಸ್ಪೀಕರ್ ನೋಡಿ’ ಅನ್ನಿ. ಕೂರುವುದಕ್ಕೆ ಪರದೆಯಿಂದ ಮೂರನೇ ಎರಡರಷ್ಟು ಹಿಂದೆ, ಸಾಲಿನ ನಡುಮಧ್ಯದ ಕುರ್ಚಿ ಒಳ್ಳೆಯದು. ಗೋಡೆ ಪಕ್ಕದ ಕುರ್ಚಿಯಲ್ಲಿ ಸರೌಂಡ್ ಸ್ಪೀಕರ್ ಕಿವಿ ಮೇಲೇ ಇರುತ್ತದೆ, ಮಳೆ ಸದ್ದು ಮಾತನ್ನು ನುಂಗುತ್ತದೆ.

ಮೂರನೆಯ ಕಾರಣ ಡಬ್ಬಿಂಗ್. ಇಲ್ಲಿ ನಾವು ನೋಡುಗರು ಕಿವಿ ಸ್ವಲ್ಪ ಚುರುಕು ಮಾಡಿಕೊಳ್ಳಬೇಕು. ನಮ್ಮ ಹೆಚ್ಚಿನ ಚಿತ್ರಗಳಲ್ಲಿ ಕಲಾವಿದರು ಚಿತ್ರೀಕರಣ ಮುಗಿದ ಮೇಲೆ ಸ್ಟುಡಿಯೋದಲ್ಲಿ, ಮೈಕಿನಿಂದ ಒಂದು ಗೇಣು ದೂರ ನಿಂತು, ಪರದೆ ನೋಡಿಕೊಂಡು ಮಾತು ಹೇಳುತ್ತಾರೆ. ಪರದೆಯ ಮೇಲೆ ಅದೇ ಮನುಷ್ಯ ಗದ್ದೆಯ ಆಚೆ ಬದುವಿನ ಮೇಲೆ ನಿಂತಿರುತ್ತಾನೆ, ಅವನ ಧ್ವನಿ ನಿಮ್ಮ ಕಿವಿಯ ಪಕ್ಕ ಇರುತ್ತದೆ. ಕಣ್ಣಿಗೂ ಕಿವಿಗೂ ಜಗಳ ಹತ್ತುತ್ತದೆ. ‘ಏನೋ ನಾಟಕದ ಹಾಗಿತ್ತು’ ಅಂತ ಹೊರಗೆ ಬಂದು ಹೇಳುತ್ತೀರಲ್ಲ, ಎಷ್ಟೋ ಸಲ ಆ ಭಾವನೆ ಹುಟ್ಟುವುದು ನಟನೆಯಿಂದ ಅಲ್ಲ, ಈ ದೂರದ ಸುಳ್ಳಿನಿಂದ.

ಪರೀಕ್ಷೆ ಹೀಗೆ ಮಾಡಿ. ಪ, ಬ, ಮ ಹೇಳುವಾಗ ತುಟಿ ಮುಚ್ಚಲೇಬೇಕು. ಕಲಾವಿದರ ತುಟಿ ಮುಚ್ಚಿದ ಗಳಿಗೆಗೂ ಆ ಅಕ್ಷರ ಕೇಳಿದ ಗಳಿಗೆಗೂ ಹೊಂದುತ್ತದೆಯೇ ನೋಡಿ. ಕಲಾವಿದರು ಬೆನ್ನು ತಿರುಗಿಸಿದಾಗ ಧ್ವನಿ ಸ್ವಲ್ಪ ಮಂದವಾಗುತ್ತದೆಯೇ ಕೇಳಿ. ಮಾತು ನಿಂತ ತಕ್ಷಣ ಆ ಜಾಗದ ಉಸಿರು, ಅಂದರೆ ಕೋಣೆಯ ಗುಂಯ್‌ಗುಡುವಿಕೆ, ದೂರದ ನಾಯಿ, ಗಾಳಿ, ಮುಂದುವರಿಯುತ್ತದೆಯೇ ಗಮನಿಸಿ. ಡಬ್ಬಿಂಗ್ ಮಾಡಿದ ಚಿತ್ರದಲ್ಲೂ ಇದನ್ನೆಲ್ಲ ಶ್ರಮಪಟ್ಟು ಕಟ್ಟಬಹುದು. ಕಟ್ಟದಿದ್ದಾಗ ಮಾತು ಗಾಳಿಯಲ್ಲಿ ತೇಲುತ್ತದೆ.

‘ತಿಥಿ’ 2016ರಲ್ಲಿ ಬಂದಾಗ ಜನಕ್ಕೆ ಆದ ಬೆರಗಿನಲ್ಲಿ ಅರ್ಧ ಪಾಲು ಧ್ವನಿಯದ್ದು ಅಂತ ನನ್ನ ಖಚಿತ ಅಭಿಪ್ರಾಯ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಸುತ್ತಿನ ಜನರೇ ನಟಿಸಿದರು, ಅವರ ಮಾತನ್ನು ಆಡಿದಲ್ಲೇ ಹಿಡಿದರು. ಅಂಥವರನ್ನು ಆಮೇಲೆ ಸ್ಟುಡಿಯೋಗೆ ಕರೆತಂದು ಕಿವಿಗೆ ಹೆಡ್‌ಫೋನ್ ಹಾಕಿ ‘ಮತ್ತೊಮ್ಮೆ ಹೇಳಿ’ ಅಂದಿದ್ದರೆ ಗಡ್ಡಪ್ಪನ ಪಾತ್ರ ಉಳಿಯುತ್ತಿರಲಿಲ್ಲ. ಆ ಮನುಷ್ಯ ನಡೆಯುತ್ತಾ, ಕುಡಿಯುತ್ತಾ, ಯಾರಿಗೂ ಉತ್ತರ ಕೊಡುವ ಅವಸರವಿಲ್ಲದೆ ಆಡುವ ಮಾತಿನ ಲಯ ಎರಡನೇ ಸಲ ಹುಟ್ಟುವಂಥದ್ದಲ್ಲ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ಸ್ಥಳದಲ್ಲೇ ಧ್ವನಿ ಹಿಡಿಯಬೇಕಾದರೆ ಜನರೇಟರನ್ನು ದೂರ ಇಡಬೇಕು, ಉದ್ದ ಕೇಬಲ್ ಎಳೆಯಬೇಕು, ಸುತ್ತಲಿನ ಪಂಪ್‌ಸೆಟ್ಟು, ಟ್ರ್ಯಾಕ್ಟರು, ಗುಡಿಯ ಮೈಕು ಸುಮ್ಮನಾಗುವ ತನಕ ಕಾಯಬೇಕು. ದೃಶ್ಯ ಮುಗಿದ ಮೇಲೆ ಎಲ್ಲರೂ ಅಲ್ಲಾಡದೆ ನಿಂತು ಅರ್ಧ ನಿಮಿಷ, ಒಂದು ನಿಮಿಷ ಬರೀ ಆ ಜಾಗದ ಮೌನವನ್ನು ರೆಕಾರ್ಡ್ ಮಾಡಿಕೊಳ್ಳಬೇಕು, ಸಂಕಲನದಲ್ಲಿ ಮಾತಿನ ನಡುವಿನ ಸಂದುಗಳನ್ನು ತುಂಬುವುದು ಅದರಿಂದಲೇ. ನಾಯಕನ ಡೇಟ್ಸು ದಿನಕ್ಕಿಷ್ಟು ಅಂತ ಲೆಕ್ಕ ಹಾಕುವ ನಿರ್ಮಾಪಕ ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ.

ಹಾಗಂತ ಡಬ್ಬಿಂಗ್ ಅಂದರೆ ಕೀಳು, ಸಿಂಕ್ ಸೌಂಡ್ (ಸ್ಥಳದಲ್ಲೇ ಹಿಡಿದ ಧ್ವನಿ) ಅಂದರೆ ಮೇಲು ಅಂತ ಗೆರೆ ಎಳೆಯಬೇಡಿ. 68ನೇ ರಾಷ್ಟ್ರ ಪ್ರಶಸ್ತಿ 2022ರ ಜುಲೈನಲ್ಲಿ ಘೋಷಣೆಯಾದಾಗ ‘ಡೊಳ್ಳು’ ಚಿತ್ರಕ್ಕೆ ಸ್ಥಳದಲ್ಲೇ ಧ್ವನಿ ಹಿಡಿದದ್ದಕ್ಕೆ ಕೊಡುವ ಪ್ರಶಸ್ತಿ ಬಂತು. ಚಿತ್ರದ ಧ್ವನಿ ವಿನ್ಯಾಸ ಮಾಡಿದವರೇ ಆಮೇಲೆ ಬಹಿರಂಗವಾಗಿ ಹೇಳಿದರು, ಇದು ಸಿಂಕ್ ಸೌಂಡ್ ಚಿತ್ರವಲ್ಲ, ಡಬ್ ಮಾಡಿದ್ದು ಅಂತ. ದೊಡ್ಡ ಚರ್ಚೆಯಾಯಿತು. ಪ್ರಶಸ್ತಿಯ ವಿಷಯ ಬದಿಗಿಡಿ. ಡಬ್ಬಿಂಗನ್ನು ಚೆನ್ನಾಗಿ ಮಾಡಿದರೆ ತೀರ್ಪುಗಾರರ ಕಿವಿಗೂ ಅದು ಸ್ಥಳದ್ದೇ ಅನ್ನಿಸಬಹುದು ಅನ್ನುವುದಂತೂ ಅಲ್ಲಿ ಸಾಬೀತಾಯಿತು. ಅಂದಮೇಲೆ ನಾವು ಕೇಳಬೇಕಾದ ಪ್ರಶ್ನೆ, ಧ್ವನಿ ಆ ಜಾಗಕ್ಕೆ ಸೇರಿದೆಯೋ ಇಲ್ಲವೋ ಅನ್ನುವುದಷ್ಟೇ.

‘ಬಿಜಿಎಂ ಬೆಂಕಿ’ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದೇ ಪರೀಕ್ಷೆ. ಮನೆಯಲ್ಲಿ ಎರಡನೇ ಸಲ ನೋಡುವಾಗ ನಿಮಗೆ ಮೈ ಜುಮ್ಮೆಂದ ದೃಶ್ಯವನ್ನು ಸದ್ದು ಪೂರ್ತಿ ತೆಗೆದು ನೋಡಿ. ಆಗಲೂ ಕೂತಲ್ಲೇ ಕೂರಿಸಿದರೆ ದೃಶ್ಯ ಗಟ್ಟಿಯಿದೆ, ಸಂಗೀತ ಅದರ ಜೊತೆ ಕೆಲಸ ಮಾಡಿದೆ. ಖಾಲಿ ಅನ್ನಿಸಿದರೆ ಸಂಗೀತ ನಿರ್ದೇಶಕರು ದೃಶ್ಯವನ್ನು ಹೆಗಲ ಮೇಲೆ ಹೊತ್ತಿದ್ದಾರೆ. ‘ಗರುಡ ಗಮನ’ದಲ್ಲಿ ಪ್ರವೀಣ್ ಶ್ರಿಯಾನ್ ಕ್ಯಾಮೆರಾವನ್ನೂ ಸಂಕಲನವನ್ನೂ ಒಬ್ಬರೇ ಮಾಡಿದರು. ಶಾಟನ್ನು ಎಷ್ಟು ಹೊತ್ತು ಹಿಡಿದಿಡುವುದು ಅಂತ ಚಿತ್ರೀಕರಣದ ಹೊತ್ತಿಗೇ ಗೊತ್ತಿದ್ದವರ ಕೆಲಸ ಅದು. ಸದ್ದು ತೆಗೆದರೂ ಆ ಹಿಂಸೆ ಭಯ ಹುಟ್ಟಿಸುತ್ತದೆ. ‘ತಿಥಿ’ಯಲ್ಲಂತೂ ಹಿನ್ನೆಲೆ ಸಂಗೀತವೇ ಇಲ್ಲ, ಕುರಿಗಳ ಸದ್ದೇ ಸಾಕಾಯಿತು.

ಈಗ ಮುಖ್ಯ ದೂರಿಗೆ ಬರೋಣ: ಸೆಕೆಂಡ್ ಹಾಫ್ ಲ್ಯಾಗು.

ಮಧ್ಯಂತರ ನಮ್ಮ ಚಿತ್ರಕಥೆಯ ಎಲುಬು. ನೂರಾ ನಲವತ್ತು ನಿಮಿಷದ ಚಿತ್ರವಾದರೆ ಎಪ್ಪತ್ತನೇ ನಿಮಿಷದ ಆಸುಪಾಸು ಒಂದು ದೊಡ್ಡ ಹೊಡೆತ ಬೇಕು, ಇಂಟರ್ವಲ್ ಬ್ಲಾಕ್ ಅಂತ ಅದಕ್ಕೆ ಹೆಸರು. ಬರಹಗಾರರು ತಮ್ಮ ಶಕ್ತಿಯನ್ನೆಲ್ಲ ಅದಕ್ಕೆ ಸುರಿಯುತ್ತಾರೆ. ಪ್ರೇಕ್ಷಕ ಹೊರಗೆ ಹೋಗಿ ಕಾಫಿ ಕುಡಿದು ಬರುವಾಗ ಒತ್ತಡ ಇಳಿದಿರುತ್ತದೆ. ಚಿತ್ರ ಮತ್ತೆ ಸೊನ್ನೆಯಿಂದ ಏಳಬೇಕು. ಅಲ್ಲಿ ಹೆಚ್ಚಿನವರು ಮಾಡುವುದೇನು? ಫ್ಲ್ಯಾಷ್‌ಬ್ಯಾಕ್ ತೆರೆಯುತ್ತಾರೆ. ಹಿಂದೆ ನಡೆದದ್ದರ ಫಲ ಏನು ಅಂತ ಮೊದಲರ್ಧದಲ್ಲೇ ಗೊತ್ತಾಗಿರುತ್ತದೆ, ಈಗ ಕಾರಣ ಮಾತ್ರ ಹೇಳುತ್ತಾರೆ. ನಮಗೆ ಕಾಯುವುದಕ್ಕೆ ಏನೂ ಉಳಿಯುವುದಿಲ್ಲ.

ನಾವು ‘ಎಳೀತು’ ಅನ್ನುವ ಒಂದೇ ಪದದಲ್ಲಿ ಮೂರು ಬೇರೆ ಬೇರೆ ಕಾಯಿಲೆಗಳನ್ನು ಸೇರಿಸಿಬಿಡುತ್ತೇವೆ. ದೃಶ್ಯ ಬೇಕಾದದ್ದಕ್ಕಿಂತ ಉದ್ದವಾಗಿದ್ದರೆ ಅದು ಸಂಕಲನಕಾರರ ಕೆಲಸ, ಕತ್ತರಿ ಸಾಕು. ಒಂದೇ ಸಂಗತಿಯನ್ನು ಮೂರು ದೃಶ್ಯಗಳು ಹೇಳಿದರೆ ಅದು ಬರವಣಿಗೆಯ ತಪ್ಪು. ಅಂಥ ಕಡೆ ಪ್ರತಿ ದೃಶ್ಯವನ್ನೂ ಒಂದೊಂದು ನಿಮಿಷ ಕತ್ತರಿಸಿದರೂ ಎಳೆದಂತೆಯೇ ಇರುತ್ತದೆ. ಮೂರನೆಯದು ಇನ್ನೂ ಆಳದ್ದು: ನಾವು ಯಾವ ಪ್ರಶ್ನೆಗೆ ಉತ್ತರ ಕಾಯುತ್ತಿದ್ದೇವೆ ಅನ್ನುವುದೇ ಸತ್ತುಹೋಗಿರುತ್ತದೆ.

ಯಾವುದು ಅಂತ ತಿಳಿಯಲು ಮಧ್ಯಂತರದಲ್ಲೇ ಮನಸ್ಸಿನಲ್ಲಿ ಒಂದು ಪ್ರಶ್ನೆ ಇಟ್ಟುಕೊಳ್ಳಿ: ಈಗ ನನಗೆ ಏನು ಗೊತ್ತಾಗಬೇಕಿದೆ? ಉತ್ತರ ತೋಚದಿದ್ದರೆ ತಪ್ಪು ಮೊದಲರ್ಧದ್ದು, ಬೈಗುಳ ತಿನ್ನುವುದು ಎರಡನೆಯದು. ಮನೆಗೆ ಹೋದ ಮೇಲೆ ಎಳೆದಂತೆ ಅನ್ನಿಸಿದ ಒಂದು ದೃಶ್ಯ ನೆನಪಿಸಿಕೊಂಡು, ಅದಕ್ಕೆ ಮುಂಚೆ ಪಾತ್ರದ ಸ್ಥಿತಿ ಏನಿತ್ತು, ಆಮೇಲೆ ಏನಾಯಿತು ಅಂತ ಒಂದು ವಾಕ್ಯದಲ್ಲಿ ಹೇಳಿ. ಎರಡೂ ಒಂದೇ ಆದರೆ ಆ ದೃಶ್ಯ ಬೇಕಿರಲಿಲ್ಲ.

ಇದನ್ನು ‘ಸಪ್ತ ಸಾಗರದಾಚೆ ಎಲ್ಲೋ’ ಮೇಲೆ ಪ್ರಯೋಗ ಮಾಡಿ ನೋಡೋಣ, ಏಕೆಂದರೆ ಅಷ್ಟು ವಾದ ಎಬ್ಬಿಸಿದ ಚಿತ್ರ ಈಚೆಗೆ ಕಡಿಮೆ. ನಿರ್ದೇಶಕ ಹೇಮಂತ್ ರಾವ್ ಕಥೆಯನ್ನು ಎರಡು ಚಿತ್ರ ಮಾಡಿದರು. ಕ್ಯಾಸೆಟ್ಟಿನ ಹಾಗೆ ಸೈಡ್ ಎ, ಸೈಡ್ ಬಿ. ಮೊದಲನೆಯದು 2023ರ ಸೆಪ್ಟೆಂಬರ್ 1ಕ್ಕೆ, ಎರಡನೆಯದು ನವೆಂಬರ್ 17ಕ್ಕೆ ಬಂತು. ಸೈಡ್ ಎ ನಿಧಾನ ಅಂತ ಎಷ್ಟೋ ಜನ ಹೇಳಿದರು. ನಿಧಾನ ಹೌದು, ಎಳೆತ ಅಲ್ಲ. ಮಾಡದ ತಪ್ಪನ್ನು ಮೈಮೇಲೆ ಹಾಕಿಕೊಂಡು ನಾಯಕ ಮನು ಜೈಲಿಗೆ ಹೋಗುತ್ತಾನೆ, ಅವನ ಪ್ರೇಯಸಿ ಪ್ರಿಯಾ ನೋಡಲು ಬರುತ್ತಾಳೆ. ಆ ಭೇಟಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಪ್ರತಿ ಸಲ ಬಿಡುಗಡೆಯ ಆಸೆ ಒಂದು ಮೆಟ್ಟಿಲು ಇಳಿದಿರುತ್ತದೆ, ಪ್ರಿಯಾ ಪಾತ್ರ ಮಾಡಿದ ರುಕ್ಮಿಣಿ ವಸಂತ್ ಮುಖದಲ್ಲಿ ಅದರ ಲೆಕ್ಕ ಕಾಣುತ್ತದೆ. ಒಂದು ಭೇಟಿಯನ್ನು ತೆಗೆದರೆ ಮುಂದಿನದು ನಿಲ್ಲುವುದಿಲ್ಲ. ನಮ್ಮ ಪರೀಕ್ಷೆಯಲ್ಲಿ ಅದು ಪಾಸು.

ಸೈಡ್ ಬಿಯಲ್ಲಿ ನನಗೆ ತಕರಾರಿದೆ. ಜೈಲಿಂದ ಬಂದ ಮನು ಪ್ರಿಯಾಳ ಸಂಸಾರವನ್ನು ದೂರದಿಂದ ನೋಡುತ್ತಾ ನಿಲ್ಲುತ್ತಾನೆ. ಮೊದಲ ಸಲ ಎದೆ ಹಿಂಡುತ್ತದೆ. ಅದೇ ನೋಟ ಮತ್ತೆ ಮತ್ತೆ ಬಂದಾಗ ನಮಗೆ ಹೊಸದೇನೂ ತಿಳಿಯುವುದಿಲ್ಲ. ಅವನು ಮರೆತಿಲ್ಲ ಅನ್ನುವುದು ನಮಗೆ ಆಗಲೇ ಗೊತ್ತು. ಅಂದರೆ ಇದು ಎರಡನೇ ಕಾಯಿಲೆ, ಕತ್ತರಿಯಿಂದ ಗುಣವಾಗುವಂಥದ್ದಲ್ಲ. ಚೈತ್ರಾ ಆಚಾರ್ ಮಾಡಿದ ಸುರಭಿ ಬಂದ ಕಡೆಯೆಲ್ಲ ಚಿತ್ರ ಎದ್ದು ಕೂರುತ್ತದೆ, ಏಕೆಂದರೆ ಅಲ್ಲಿ ಏನಾಗುತ್ತದೆ ಅಂತ ನಮಗೆ ನಿಜವಾಗಿ ಗೊತ್ತಿರುವುದಿಲ್ಲ. ‘ಸೈಡ್ ಬಿ ಲ್ಯಾಗು’ ಅನ್ನುವುದಕ್ಕೂ ‘ಮನು ನೋಡುತ್ತಾ ನಿಲ್ಲುವ ದೃಶ್ಯಗಳು ಒಂದೇ ಮಾತನ್ನು ಹೇಳುತ್ತವೆ’ ಅನ್ನುವುದಕ್ಕೂ ವ್ಯತ್ಯಾಸ ನೋಡಿ. ಎರಡನೆಯದಕ್ಕೆ ಇನ್ನೊಬ್ಬರು ಎದುರು ವಾದ ಹೂಡಬಹುದು. ‘ಆ ಪುನರಾವರ್ತನೆಯೇ ಅವನ ಗೀಳು’ ಅಂತ ನನಗೆ ಉತ್ತರ ಕೊಡಬಹುದು, ಕೊಟ್ಟವರೂ ಇದ್ದಾರೆ. ಅಂಥ ಜಗಳ ಮಾಡುತ್ತಾ ಮನೆ ತನಕ ನಡೆಯುವುದರಲ್ಲಿ ಸಿನಿಮಾದ ಅರ್ಧ ಸುಖ ಇದೆ.

ನಗೆಚಿತ್ರದಲ್ಲಿ ಎಳೆತದ ಲೆಕ್ಕವೇ ಬೇರೆ. ‘ಸು ಫ್ರಮ್ ಸೋ’ 2025ರ ಜುಲೈ 25ಕ್ಕೆ ಬಂತು, ದೊಡ್ಡ ತಾರೆಯರ ಹೆಸರಿಲ್ಲದೆ ಬಾಯಿಂದ ಬಾಯಿಗೆ ಹರಡಿ ಮಂದಿರಗಳು ತುಂಬಿದವು. ತುಂಬಿದ ಮಂದಿರದಲ್ಲಿ ಒಂದು ನಗೆ ಮಾತು ಬಿದ್ದ ಮೇಲೆ ಮೂರು ನಾಲ್ಕು ಸೆಕೆಂಡು ಏನೂ ಕೇಳಿಸುವುದಿಲ್ಲ. ಅನುಭವಸ್ಥ ಸಂಕಲನಕಾರರು ಅಷ್ಟು ಜಾಗವನ್ನು ಬಿಟ್ಟಿರುತ್ತಾರೆ, ಅಲ್ಲಿ ಯಾರದೋ ಮುಖ, ಯಾರೋ ತಿರುಗಿ ನೋಡುವುದು, ಇಂಥದ್ದನ್ನು ಇಟ್ಟಿರುತ್ತಾರೆ. ಅದೇ ಚಿತ್ರವನ್ನು ಒಬ್ಬರೇ ಫೋನಿನಲ್ಲಿ ನೋಡಿದರೆ ಆ ಜಾಗ ಖಾಲಿಯಾಗಿ ಕಾಣುತ್ತದೆ, ‘ಅಷ್ಟೇನೂ ಇಲ್ಲ’ ಅನ್ನಿಸುತ್ತದೆ. ನಗೆಚಿತ್ರದ ಬಗ್ಗೆ ಅಭಿಪ್ರಾಯ ಹೇಳುವಾಗ ಎಲ್ಲಿ, ಎಷ್ಟು ಜನರ ಜೊತೆ ನೋಡಿದಿರಿ ಅಂತ ಸೇರಿಸಿ ಹೇಳುವುದು ಪ್ರಾಮಾಣಿಕತೆ.

ಫೋನ್ ಅಂದೆನಲ್ಲ, ಮನೆಯಲ್ಲಿ ನೋಡುವವರಿಗೆ ಎರಡು ಮಾತು. 5.1 ಧ್ವನಿಯನ್ನು ಫೋನು ಎರಡು ದಾರಿಗೆ ಇಳಿಸುವಾಗ ಗುಡುಗಿನ ದಾರಿಯನ್ನು ಸಾಮಾನ್ಯವಾಗಿ ಕೈಬಿಡುತ್ತದೆ. ‘ಕಾಂತಾರ’ದ ಕೊನೆಯ ಭಾಗವನ್ನು ಫೋನಿನ ಸ್ಪೀಕರಿನಲ್ಲಿ ಕೇಳಿದವರು ಆ ಚಿತ್ರದ ಧ್ವನಿಯ ಬಗ್ಗೆ ಏನೂ ಹೇಳದಿರುವುದು ಒಳಿತು. ಇನ್ನು ಟಿವಿ. ಹೊಸ ಟಿವಿಗಳಲ್ಲಿ ಚಲನೆಯನ್ನು ನಯ ಮಾಡುವ ಸೌಲಭ್ಯ ಮೊದಲೇ ಆನ್ ಆಗಿರುತ್ತದೆ. ಸೆಕೆಂಡಿಗೆ 24 ಚೌಕಟ್ಟಿನ ಸಿನಿಮಾಕ್ಕೆ ಟಿವಿ ತಾನೇ ಕಲ್ಪಿಸಿದ ಚೌಕಟ್ಟುಗಳನ್ನು ನಡುವೆ ತೂರಿಸುತ್ತದೆ, ಕೋಟಿಗಟ್ಟಲೆ ಸುರಿದ ಚಿತ್ರವೂ ಧಾರಾವಾಹಿಯ ಹಾಗೆ ಕಾಣುತ್ತದೆ. ಪಿಕ್ಚರ್ ಸೆಟ್ಟಿಂಗ್ಸ್ ಒಳಗೆ ಹೋಗಿ: ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್ ಅಥವಾ ಪಿಕ್ಚರ್ ಕ್ಲಾರಿಟಿ. ಆಫ್ ಮಾಡಿ. ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದನ್ನೇ ಹಾಕಿಬಿಡಿ, ಬಣ್ಣವೂ ಜಾಗಕ್ಕೆ ಬರುತ್ತದೆ. ಮೊದಲ ಐದು ನಿಮಿಷ ಚಿತ್ರ ಮಂಕು ಅನ್ನಿಸುತ್ತದೆ, ಕೋಣೆಯ ದೀಪ ಆರಿಸಿದರೆ ಸರಿಹೋಗುತ್ತದೆ.

ಮಾತು ಮುಗಿದ ಮೇಲೆ ಸಭೆಯಿಂದ ಒಂದು ಪ್ರಶ್ನೆ ಬಂತು: ಹೊರರಾಜ್ಯದ ಗೆಳೆಯರಿಗೆ ನಮ್ಮ ಚಿತ್ರ ತೋರಿಸುವಾಗ ಅವರ ಭಾಷೆಯ ಡಬ್ಬಿಂಗ್ ಒಳ್ಳೆಯದೋ, ಕನ್ನಡದಲ್ಲೇ ಸಬ್‌ಟೈಟಲ್ ಇಟ್ಟು ತೋರಿಸುವುದೋ? ಹೊಡೆದಾಟ, ದೈವ, ಕಾಡು ಮುಖ್ಯವಾದ ಚಿತ್ರವಾದರೆ ಡಬ್ಬಿಂಗಿನಲ್ಲೂ ಬಹುಪಾಲು ದಾಟುತ್ತದೆ, ‘ಕಾಂತಾರ’ ದಾಟಿತು. ಆದರೆ ಅಲ್ಲಿಯೂ ಕುಂದಾಪುರ ಕನ್ನಡದ ಹೋಯ್ತ್, ಬಂತ್ ಅನ್ನುವ ತುಂಡು ಲಯ ಹಿಂದಿಯಲ್ಲಿ ಸಾಮಾನ್ಯ ಹಳ್ಳಿ ಮಾತಾಗಿಬಿಡುತ್ತದೆ. ‘ತಿಥಿ’, ‘ಸು ಫ್ರಮ್ ಸೋ’ ಥರದ, ನಗು ಆಡುಮಾತಿನಲ್ಲೇ ಇರುವ ಚಿತ್ರಗಳನ್ನು ಕನ್ನಡದಲ್ಲೇ ತೋರಿಸಿ, ಸಬ್‌ಟೈಟಲ್ ಆನ್ ಮಾಡಿ, ಆ್ಯಪಿನ ಆಡಿಯೋ ಪಟ್ಟಿಯಲ್ಲಿ ಮೂಲ ಭಾಷೆಯೇ ಆಯ್ಕೆಯಾಗಿದೆಯೇ ಅಂತ ಶುರುವಿಗೆ ಮುಂಚೆ ಒಮ್ಮೆ ನೋಡಿಕೊಳ್ಳಿ. ಎಷ್ಟೋ ಆ್ಯಪುಗಳು ನೋಡುವವರ ಪ್ರೊಫೈಲಿನ ಭಾಷೆಯನ್ನು ತಾವೇ ಹಚ್ಚಿಬಿಡುತ್ತವೆ.